ಛಾವಣಿಯಿದ್ದ ಸೇತುವೆ

"ಈ ಜಿಲ್ಲಾದಾಗಿನ ಒಂದೊಂದು ಹಳೇ ಸೇತುವಿ ಫೋಟೋನೂ ತಗೀಲಿಲ್ಲಂದ್ರ ನನ್ನ ಹೆಸರು ಮುನವ್ವರನ ಅಲ್ಲ!"

ಮುನಿರಾಬಾದಿನ ನೀರಾವರಿ ಕಚೇರಿಯಿಂದ ನಿವೃತ್ತರಾದ ಎರಡನೇ ತಿಂಗಳಿಗೆ ಮುನವ್ವರ ಸಾಹೇಬರು ಹೀಗೆ ಘೋಷಿಸಿದರು. ಮೂವತ್ತೈದು ವರ್ಷ ಸೇತುವೆಗಳ ಕಡತ ಹೊತ್ತಿದ್ದರೂ ಒಂದು ಸೇತುವೆಯನ್ನಾದರೂ ನಿಂತು ನೋಡಿದವರಲ್ಲ! ಹೊಸ ಕ್ಯಾಮೆರಾ ಕೊರಳಿಗೆ ಬಿತ್ತು. ಹೆಂಡತಿ ಶಾಯಿಸ್ತಾ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಕಾರು ಹತ್ತಿದರು.

ಗಂಗಾವತಿ ಹತ್ತಿರದ ಕಾಲುವೆ ಸೇತುವೆಯೊಂದಕ್ಕೇ ಅರವತ್ತು ಫೋಟೋ ಆದವು.

"ನಾನೂ ನಿಂತ್ಕೊಳ್ಳೇನ್ರಿ?"

"ಮನುಷ್ಯಾರು ಬ್ಯಾಡ! ಮನುಷ್ಯಾರು ಕಣ್ಣು ಮುಚ್ಚತಾರ, ಕಲ್ಲು ಮುಚ್ಚೂದಿಲ್ಲ."

"ಮದುವಿಯಾಗಿ ಮೂವತ್ತು ವರ್ಷದಾಗ ಮೊದಲನೇ ಸಲ ಕಲ್ಲಿನ ಮ್ಯಾಲೆ ಹೊಟ್ಟಿಕಿಚ್ಚು ಬಂತು ನೋಡ್ರಿ," ಎಂದು ಶಾಯಿಸ್ತಾ ಕಾರಿಗೆ ವಾಪಸಾದರು.

ದಾರಿಯ ಚಹಾದಂಗಡಿಯ ತಿಮ್ಮಣ್ಣ ಸುದ್ದಿ ಕೊಟ್ಟ: "ತಳಕಲ್ ದಾಟಿ ಹೋಗ್ರಿ ಸಾಹೇಬ್ರ. ಹಳ್ಳದ ಮ್ಯಾಲೆ ಕಲ್ಲಿನ ಸೇತುವಿ ಐತಿ, ಅದಕ್ಕ ಛಾವಣಿ ಬ್ಯಾರೆ ಐತಿ! ನಿನ್ನೆ ನನ್ನ ಕಣ್ಣಿಲೆ ನೋಡೇನಿ."

ಛಾವಣಿಯಿರುವ ಸೇತುವೆ! ಸಾಹೇಬರು ಚಹಾ ಅರ್ಧಕ್ಕೇ ಬಿಟ್ಟು ಓಡಿದರು.

ಸೇತುವೆಯೂ ಇತ್ತು, ಛಾವಣಿಯೂ ಇತ್ತು. ಹಸಿರು ಶಾಮಿಯಾನಾ! ಪಕ್ಕದಲ್ಲಿ ಹೊಸ ಸೇತುವೆ ಆದಮೇಲೆ ಹಳೆಯದರ ಮೇಲೆ ಗಾಡಿ ಓಡಾಟ ನಿಂತು, ಊರವರು ಅಲ್ಲಿಯೇ ಮದುವೆ ಹಂದರ ಹಾಕುತ್ತಿದ್ದರು. ಕೆಳಗೆ ಮೂರು ಕಮಾನು, ಮೇಲೆ ಓಲಗ.

ಕೊರಳಲ್ಲಿದ್ದ ಕ್ಯಾಮೆರಾ ಕಂಡದ್ದೇ ಮದುಮಗಳ ತಾಯಿ ಪಾರ್ವತೆಮ್ಮ ಓಡಿಬಂದರು. "ಬಂದ್ರ್ಯಾ ಅಣ್ಣಾರ! ಎಷ್ಟೊತ್ತು ದಾರಿ ನೋಡೂದ್ರಿ!"

"ನಾನು ಮದುವಿ ಫೋಟೋದವ ಅಲ್ರೀ ತಾಯಿ. ಬರೇ ಸೇತುವಿ ತಗೀತೀನಿ."

ಪಾರ್ವತೆಮ್ಮನ ಮುಖ ಇಳಿಯಿತು. ಗೊತ್ತುಮಾಡಿದ್ದ ಫೋಟೋದವನ ಗಾಡಿ ಕುಷ್ಟಗಿಯಲ್ಲೇ ಕೆಟ್ಟು ನಿಂತಿತ್ತು. "ಹುಡುಗಿ ಅಜ್ಜಿ ಹಾಸಿಗಿ ಹಿಡದಾಳ್ರಿ. ಮದುವಿಗೆ ಬರಾಕಾಗಲಿಲ್ಲ. ಆಕಿಗೆ ಫೋಟೋದಾಗರ ತೋರಸ್ಬೇಕಂದಿದ್ದೆ..."

ಶಾಯಿಸ್ತಾ ಗಂಡನನ್ನು ಒಮ್ಮೆ ನೋಡಿದರು. ಅಷ್ಟು ಸಾಕಾಯಿತು! ಸಾಹೇಬರು ಕ್ಯಾಮೆರಾ ಎತ್ತಿದರು.

ಮದುಮಗಳು ದೀಪಿಕಾ ಪರೀಕ್ಷೆಗೆ ಕೂತವಳಂತೆ ಬಿಗಿದುಕೊಂಡಿದ್ದಳು. ತಾಳಿ ಕಟ್ಟುವಾಗಲೂ ತುಟಿ ಅಲುಗಲಿಲ್ಲ. ಅಕ್ಷತೆ ಮುಗಿದ ಮೇಲೆ ಸಾಹೇಬರು ಮದುಮಕ್ಕಳನ್ನು ಸೇತುವೆಯ ಅಂಚಿಗೆ ನಿಲ್ಲಿಸಿ, ತಾವು ಹಳ್ಳದ ದಂಡೆಗೆ ಇಳಿದರು. ಮದುಮಕ್ಕಳೂ ಬೇಕು, ಶಾಮಿಯಾನಾನೂ ಬೇಕು, ಕಮಾನೂ ಬೇಕು! ಒಂದು ಹೆಜ್ಜೆ ಹಿಂದೆ ಸರಿದರು. ಇನ್ನೊಂದು ಹೆಜ್ಜೆ.

"ರೀ, ಸಾಕ್ರಿ! ಹಿಂದ ನೋಡ್ರಿ!" ಸೇತುವೆಯ ಮೇಲಿಂದ ಶಾಯಿಸ್ತಾ ಕೂಗಿದರು. ಅವರೂ ಸುಮ್ಮನಿರದೆ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದರು.

"ತಡಿ, ಇನ್ನೊಂದು ಕಮಾನು ಉಳದೈತಿ!"

ಕಮಾನು ಉಳಿಯಿತು, ಸಾಹೇಬರು ಉಳಿಯಲಿಲ್ಲ. ಧಡಮ್! ಮೊಣಕಾಲುದ್ದದ ನೀರಿನಲ್ಲಿ ಅಂಗಾತ! ಎತ್ತಿ ಹಿಡಿದ ಕ್ಯಾಮೆರಾಕ್ಕೆ ಒಂದು ಹನಿಯೂ ತಾಗಲಿಲ್ಲ, ಸಾಹೇಬರ ಒಂದು ಕೂದಲೂ ಒಣಗಿ ಉಳಿಯಲಿಲ್ಲ. ಬೀಗರು ಕೊಟ್ಟ ಹೊಸ ಧೋತರ ಉಟ್ಟುಕೊಂಡೇ ಅವರು ಹುಗ್ಗಿ ಉಣ್ಣಬೇಕಾಯಿತು.

ವಾರದ ಮೇಲೆ ಸಾಹೇಬರು ತಮ್ಮ ನೂರಾ ಹನ್ನೆರಡು ಫೋಟೋ ಕಳಿಸಿದರು. ಶಾಯಿಸ್ತಾ ಒಂಬತ್ತು ಕಳಿಸಿದರು. ನಾಲ್ಕು ದಿನ ಬಿಟ್ಟು ಪಾರ್ವತೆಮ್ಮನ ಫೋನು ಬಂತು. ಸಾಹೇಬರು ಸ್ಪೀಕರ್ ಹಾಕಿ, ಎದೆ ಉಬ್ಬಿಸಿ ಕೂತರು.

"ಅಣ್ಣಾರ, ನಿಮ್ಮ ಫೋಟೋ ಭಾಳ ಛಲೋ ಬಂದಾವು. ಸೇತುವಿ ಎಷ್ಟು ಚಂದ ಕಾಣತೈತಿ! ಅದರಾಗ ನಮ್ಮ ಹುಡುಗಿನ್ನ ಮಾತ್ರ ಇನ್ನೂ ಹುಡುಕಾಕತ್ತೇವಿ."

ಸಾಹೇಬರ ಎದೆ ಇಳಿಯಿತು.

"ಆದ್ರ ಅಕ್ಕಾರು ಒಂದು ಕಳಿಸ್ಯಾರ ನೋಡ್ರಿ, ನೀವು ಬಿದ್ದಾಗ ತಗದಿದ್ದು! ದೀಪಿಕಾ ಬಾಯಿ ತುಂಬ ನಕ್ಕಾಳ. ಇಡೀ ಮದುವಿಯಾಗ ಆಕಿ ನಕ್ಕದ್ದು ಅದೊಂದ ಸಲ! ಅಜ್ಜಿ ಅದರ ಪ್ರಿಂಟ್ ಹಾಕಿಸ್ಕೊಂಡು ದಿಂಬಿನ ಬುಡಕ ಇಟ್ಕೊಂಡಾಳ, ಬಂದವರಿಗೆಲ್ಲ ತೋರಸ್ತಾಳ."

"ಅಷ್ಟಾದ್ರ ಸಾಕ್ರಿ ತಾಯಿ," ಎಂದರು ಸಾಹೇಬರು. ಅವರ ದನಿ ನಿಜವಾಗಿಯೂ ಮೆತ್ತಗಾಗಿತ್ತು.

"ಬರೂ ವರ್ಷ ಸಣ್ಣ ಮಗಳ ಮದುವಿ ಐತ್ರಿ. ಇಬ್ಬರೂ ಬರಬೇಕು. ಅಕ್ಕಾರು ಫೋಟೋ ತಗೀಲಿ, ನೀವು ಬೀಳ್ರಿ!"