ಡೋಲಿಲ್ಲದ ಕರಡಿಯ ಸ್ವೀಕೃತಿ, ಸಂಚಾರ ಮತ್ತು ವಿಲೇವಾರಿ

ಇಲಾಖೆಯ ಕಚೇರಿ, ಎರಡನೆಯ ಮಹಡಿ
(ಲಿಫ್ಟ್ ದುರಸ್ತಿಯಲ್ಲಿದೆ)

ಸಂಖ್ಯೆ: ಟಪಾಲು/ತಗಡು/ಕರಡಿ/ಹಳೆಯದು/೧
ದಿನಾಂಕ: ಶುಕ್ರವಾರ, ಊಟದ ವಿರಾಮಕ್ಕೆ ಮೊದಲು

ಸುತ್ತೋಲೆ

ವಿಷಯ: ಸಂಗ್ರಹಕ್ಕೆಂದು ಆನ್‌ಲೈನ್‌ನಲ್ಲಿ ಕೊಂಡ ಹಳೆಯ ಆಟಿಕೆಗಳು ನಿರಾಶೆ ಉಂಟುಮಾಡಿದಲ್ಲಿ ಸಿಬ್ಬಂದಿ ಅನುಸರಿಸಬೇಕಾದ ಕ್ರಮಗಳ ಬಗ್ಗೆ.

ಉಲ್ಲೇಖ:
೧) ಬೆರಳಚ್ಚುಗಾರ್ತಿಯವರ ಮನವಿ, ಸೋಮವಾರ.
೨) ಅದೇ ಮನವಿ, ಮಂಗಳವಾರ, ಸ್ವಲ್ಪ ದೊಡ್ಡ ಅಕ್ಷರಗಳಲ್ಲಿ.
೩) ಮಾರಾಟಗಾರರ ಸಂದೇಶಗಳು.
೪) ಕರಡಿ (ಲಗತ್ತಿಸಿದೆ).

ಪ್ರಸ್ತಾವನೆ:

ಈ ಕಚೇರಿಯ ಬೆರಳಚ್ಚುಗಾರ್ತಿಯವರ ಮನೆಯಲ್ಲಿ, ಫ್ರಿಜ್ಜಿನ ಮೇಲೆ, ಕೀಲಿ ಕೊಟ್ಟರೆ ಆಡುವ ತಗಡಿನ ಪ್ರಾಣಿಗಳ ಬ್ಯಾಂಡ್ ಮೇಳವೊಂದಿದೆ. ತುತ್ತೂರಿಯ ಮೊಲ, ಪಿಟೀಲಿನ ಬೆಕ್ಕು, ತಾಳದ ಕೋತಿ ಮೊದಲಾದವುಗಳನ್ನು ಅವರ ಮಾವನವರು ಗುಜರಿ ಅಂಗಡಿಗಳಲ್ಲಿ ತಡಕಾಡಿ ಒಂದೊಂದಾಗಿ ಮನೆಗೆ ತಂದಿದ್ದರು. ಡೋಲಿನ ಕರಡಿ ಸಿಗುವ ಮೊದಲೇ ಅವರು ತೀರಿಕೊಂಡರು. ಈ ಅಂಶದ ಮೇಲೆ ಇಲಾಖೆಯಿಂದ ಯಾವುದೇ ಕ್ರಮ ಸಾಧ್ಯವಿಲ್ಲವೆಂದು ಪರಿಶೀಲನೆಯಿಂದ ಕಂಡುಬಂದಿದೆ.

ಅತ್ತೆಯವರಿಗೆ ಕಣ್ಣು ಮಂದ, ಕಿವಿ ಚುರುಕು. ಸಂಜೆಯಾಯಿತೆಂದರೆ ಪ್ರಾಣಿಗಳನ್ನು ಕೈಯಿಂದ ಸವರಿ ಗುರುತಿಸಿ, ಸರದಿಯಂತೆ ಕೀಲಿ ಕೊಟ್ಟು ಕೇಳುತ್ತಾರೆ. ಬರುವ ಭಾನುವಾರ ಅವರು ಬೇರೆ ಊರಿನಲ್ಲಿರುವ ಮಗಳ ಮನೆಗೆ, ಇನ್ನು ಅಲ್ಲಿಯೇ ಇರಲು, ಹೊರಡುವವರಿದ್ದಾರೆ. ಮೇಳವೂ ಅವರ ಜೊತೆ ಹೋಗುತ್ತದೆ. ಅಷ್ಟರೊಳಗೆ ಮೇಳ ಪೂರ್ತಿಯಾಗಬೇಕೆಂಬುದು ಬೆರಳಚ್ಚುಗಾರ್ತಿಯವರ ಮನವಿಯ ಸಾರಾಂಶ. ಮನವಿಯ ಮೌಖಿಕ ಭಾಗ ಹೀಗಿರುತ್ತದೆ: "ಅತ್ತೆ ಬಾಯ್ಬಿಟ್ಟು ಏನೂ ಕೇಳಲ್ಲ ಸಾರ್. ಕೋತಿ ತಾಳ ಹಾಕಿ ನಿಲ್ಲಿಸಿದ್ಮೇಲೂ ಸ್ವಲ್ಪ ಹೊತ್ತು ಹಾಗೇ ಕಿವಿಗೊಟ್ಟು ಕೂತಿರ್ತಾರೆ. ಆಮೇಲೆ ಎದ್ದು ನನಗೋಸ್ಕರ ದೀಪ ಹಾಕ್ತಾರೆ."

ಸೋಮವಾರ ಕರಡಿ ಬಂದಿತು. ಡೋಲು ಬರಲಿಲ್ಲ. ಕೀಲಿ ಕೊಟ್ಟಾಗ ಸದರಿ ಕರಡಿಯು ಎರಡೂ ಕೈಗಳಿಂದ ಬರೀ ಗಾಳಿಯನ್ನು ಬಾರಿಸಿತು. ಇದರಿಂದ ಕಚೇರಿಯಲ್ಲಿ ಉಂಟಾದ ಪರಿಸ್ಥಿತಿಯನ್ನು ಕೂಲಂಕಷವಾಗಿ ಪರಿಶೀಲಿಸಿ, ಎಲ್ಲ ಸಿಬ್ಬಂದಿಯ ಗಮನಕ್ಕೆ ಈ ಕೆಳಗಿನ ಸೂಚನೆಗಳನ್ನು ಹೊರಡಿಸಲಾಗಿದೆ.

೧. ಮಾರಾಟದ ಪುಟದಲ್ಲಿದ್ದ ಏಕೈಕ ಚಿತ್ರದಲ್ಲಿ ಕರಡಿಯು ಬೆನ್ನು ತೋರಿಸಿ ನಿಂತಿತ್ತು. ಬೆರಳಚ್ಚುಗಾರ್ತಿಯವರು ಅದನ್ನು ನಾಚಿಕೆಯೆಂದು ಭಾವಿಸಿದರು. ಇನ್ನು ಮುಂದೆ ಬೆನ್ನು ತೋರಿಸಿ ನಿಂತ ಆಟಿಕೆಗಳಲ್ಲಿ ನಾಚಿಕೆಯನ್ನು ಊಹಿಸತಕ್ಕದ್ದಲ್ಲ. ಮುಖಾಮುಖಿಯಾಗಲು ಹಿಂಜರಿಯುವ ಆಟಿಕೆಗೆ ಕಾರಣ ಕೇಳುವ ನೋಟಿಸು ನೀಡತಕ್ಕದ್ದು.

೨. ಅತ್ತೆಯವರು ಮೆಟ್ಟಿಲಿಳಿದು ಪಾರ್ಸೆಲ್ ಪಡೆಯಲಾರರೆಂದು ಕಚೇರಿಯ ವಿಳಾಸ ಕೊಡಲಾಗಿತ್ತು. ಎಡವಟ್ಟಾದದ್ದು ಅಲ್ಲಿಯೇ. ಟಪಾಲು ಶಾಖೆಯ ಗುಮಾಸ್ತರು (ಕಚೇರಿಯಲ್ಲಿ 'ಮೊಹರು ಮಾಮ' ಎಂದು ಪ್ರಸಿದ್ಧರು) ಡಬ್ಬಿ ತೆರೆದು, ಒಳಗಿದ್ದುದರ ಹೊಟ್ಟೆಯ ಮೇಲೆ 'ಸ್ವೀಕರಿಸಲಾಗಿದೆ' ಎಂಬ ಮೊಹರನ್ನು ಒತ್ತಿ, ದಿನಾಂಕ ಬರೆದು, ಚಿಕ್ಕ ಸಹಿ ಹಾಕಿದರು. ವಿವರಣೆ ಕೇಳಲಾಗಿ, "ಒಳಗೆ ಬಂದದ್ದಕ್ಕೆಲ್ಲ ಮೊಹರು ಹಾಕೋದು ನನ್ನ ಕೆಲಸ. ಅದು ಕಾಗದವೋ ಕರಡಿಯೋ ಅಂತ ನೋಡೋದು ಮೇಲಿನವರ ಕೆಲಸ. ಮೇಲಿನವರ ಕೆಲಸಕ್ಕೆ ನಾನ್ಯಾಕೆ ಕೈ ಹಾಕ್ಲಿ?" ಎಂದು ತಿಳಿಸಿರುತ್ತಾರೆ. ವಿವರಣೆಯು ನಿಯಮಬದ್ಧವಾಗಿದೆ. ಆದ್ದರಿಂದ ಕರಡಿಯು ಸೋಮವಾರ ಬೆಳಿಗ್ಗೆಯಿಂದ ಈ ಕಚೇರಿಯ ಕಡತವಾಗಿರುತ್ತದೆ.

೩. ಅದೇ ದಿನ ಬೆರಳಚ್ಚುಗಾರ್ತಿಯವರು ಮಾರಾಟಗಾರರನ್ನು ಸಂಪರ್ಕಿಸಿದರು. "ಡೋಲು ಬಾರಿಸೋ ಕರಡಿ ಅಂತ ಹಾಕಿದ್ವಿ ಮೇಡಂ. ಬಾರಿಸ್ತಾ ಇಲ್ವಾ? ಇದೆಯಲ್ಲ. ಡೋಲೂ ಕೊಡ್ತೀವಿ ಅಂತ ಎಲ್ಲಿ ಹೇಳಿದ್ವಿ?" ಎಂಬ ಉತ್ತರ ಬಂದಿರುತ್ತದೆ. ಈ ಉತ್ತರದಲ್ಲಿ ಕಾನೂನು ಕೋಶವು ಯಾವ ದೋಷವನ್ನೂ ಕಾಣದೆ, ಅದರ ರಚನೆಯನ್ನು ಮೆಚ್ಚಿ ಒಂದು ಪ್ರತಿ ಇಟ್ಟುಕೊಂಡಿದೆ. ನಂತರ ಮಾರಾಟಗಾರರು ಮನಸ್ಸು ಕರಗಿ, ಡೋಲಿರುವ ಇನ್ನೊಂದು ಕರಡಿ ತಮ್ಮಲ್ಲಿದೆಯೆಂದೂ, ಈ ಕರಡಿಯನ್ನು 'ಹೇಗೆ ಬಂತೋ ಹಾಗೇ' ಹಿಂದಿರುಗಿಸಿದರೆ ಬದಲಿಸಿ ಕೊಡುವುದಾಗಿಯೂ ಒಪ್ಪಿದರು. ಹೊಟ್ಟೆಯ ಮೇಲಿನ ಮೊಹರಿನ ಚಿತ್ರ ನೋಡಿದ ಮೇಲೆ, ಕರಡಿಯು ಸರ್ಕಾರಿ ಉದ್ಯೋಗಕ್ಕೆ ಸೇರಿದ ಹಾಗಿರುವುದರಿಂದ ವಾಪಸು ಪಡೆಯಲು ತಮಗೆ ಧೈರ್ಯ ಸಾಲದೆಂದು ಹಿಂದೆ ಸರಿದರು.

೪. ಮೊಹರನ್ನು ಅಳಿಸುವ ಯತ್ನಗಳು ನಡೆದಿರುತ್ತವೆ. ಜೀಪಿನ ಚಾಲಕರು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಾಗ ಕರಡಿಯ ಹೊಟ್ಟೆಯ ಬಣ್ಣ ಹೋಯಿತು, ಮೊಹರು ಉಳಿಯಿತು. ಇಲಾಖೆಯ ಮಸಿಯ ಗುಣಮಟ್ಟದ ಬಗ್ಗೆ ಈ ಹಿಂದೆ ಬಂದಿದ್ದ ಎಲ್ಲ ದೂರುಗಳನ್ನು ಈ ಮೂಲಕ ಮುಕ್ತಾಯಗೊಳಿಸಲಾಗಿದೆ.

೫. ಕಡತಕ್ಕೊಂದು ಶಾಖೆ ಬೇಕಾದ್ದರಿಂದ ಮಂಗಳವಾರ ಮತ್ತು ಬುಧವಾರ ಕರಡಿಯು ಎಲ್ಲ ಶಾಖೆಗಳಲ್ಲೂ ಸಂಚರಿಸಿತು. ಸಿಬ್ಬಂದಿ ಶಾಖೆಯು ಇದಕ್ಕೆ ನೇಮಕಾತಿ ಆದೇಶವಿಲ್ಲವೆಂದು ಹಿಂದಿರುಗಿಸಿತು. ಉಗ್ರಾಣ ಶಾಖೆಯು ಹಳೆಯ ಸಾಮಾನನ್ನು ಹೊಸದಾಗಿ ಸೇರಿಸಿಕೊಳ್ಳಲು ಬರುವುದಿಲ್ಲವೆಂದಿತು. ಹೊಸದಾಗಿ ಬಂದು ಇಲ್ಲಿಯೇ ಹಳೆಯದಾಗಲು ಅಡ್ಡಿಯಿಲ್ಲವೆಂದೂ ಸೇರಿಸಿತು. ಕಾನೂನು ಕೋಶವು, ಡೋಲು ಮುಖ್ಯವೋ ಕರಡಿ ಮುಖ್ಯವೋ ಎಂಬುದು ಇತ್ಯರ್ಥವಾಗದೆ ಬಾಯಿ ತೆರೆಯಲಾಗದೆಂದು ಬರೆಯಿತು. ಅತ್ತ ದರಿ, ಇತ್ತ ಪುಲಿ, ನಡುವೆ ಕರಡಿ. ಈ ಎರಡು ದಿನವೂ ಬೆರಳಚ್ಚುಗಾರ್ತಿಯವರು ಕಡತದ ಹಿಂದೆಯೇ ಶಾಖೆಯಿಂದ ಶಾಖೆಗೆ ನಡೆದರು. ಯಾರೊಡನೆಯೂ ಜಗಳವಾಡಲಿಲ್ಲ. ಭಾನುವಾರ ಯಾವಾಗ ಬರುತ್ತದೆಂದು ಎಲ್ಲರಿಗೂ ನೆನಪಿಸಿದರು, ಅಷ್ಟೆ.

೬. ಕಡತವಾಗಿರುವ ಆಟಿಕೆಗೆ ಪುಟಸಂಖ್ಯೆ ಕಡ್ಡಾಯ. ಎದೆಯು ಮೊದಲನೆಯ ಪುಟವೆಂದೂ ಬೆನ್ನು ಎರಡನೆಯ ಪುಟವೆಂದೂ ನಿರ್ಧರಿಸಲಾಗಿದೆ. ರಂಧ್ರ ಕೊರೆದು ದಾರ ಪೋಣಿಸತಕ್ಕದ್ದಲ್ಲ. ಕುತ್ತಿಗೆಗೆ ಕಟ್ಟಿದರೆ ಸಾಕು. ಕಟ್ಟುವಾಗ ಕಂಠಪಟ್ಟಿಯಂತೆ ಚಂದ ಕಾಣಿಸುತ್ತದೆಂದು ಯಾರೂ ಹೇಳತಕ್ಕದ್ದಲ್ಲ. ಹೇಳಿದ ಜವಾನರಿಗೆ ಎಚ್ಚರಿಕೆ ನೀಡಲಾಗಿದೆ. ಕಾಣಿಸುತ್ತದೆ ಎಂಬುದನ್ನು ಮಾತ್ರ ದಾಖಲಿಸಿಕೊಳ್ಳಲಾಗಿದೆ.

೭. ಕೀಲಿ ಕೊಡುವ ಅಧಿಕಾರವು ಶಾಖಾಧಿಕಾರಿ ಮತ್ತು ಮೇಲ್ಪಟ್ಟವರಿಗೆ ಮಾತ್ರ ಇರುತ್ತದೆ. ಉಳಿದವರು ಕೊಟ್ಟ ಕೀಲಿ ಅಸಿಂಧು. ಅಂಥ ಕೀಲಿಯಿಂದ ಕರಡಿಯು ಆಡಿದರೂ ಆಡಿಲ್ಲವೆಂದೇ ಭಾವಿಸಿ, ನಗುವನ್ನು ಹಿಂದಕ್ಕೆ ಪಡೆಯತಕ್ಕದ್ದು.

೮. ನಿರಾಶರಾದ ಸಹೋದ್ಯೋಗಿಯ ಮುಂದೆ ಈ ಕೆಳಗಿನ ಮಾತುಗಳನ್ನು ನಿಷೇಧಿಸಲಾಗಿದೆ: "ನಾನ್ ಮೊದ್ಲೇ ಹೇಳ್ಲಿಲ್ವಾ", "ಇರೋದ್ರಲ್ಲೇ ಚೆನ್ನಾಗಿದೆ ಬಿಡಿ", "ನಮ್ ಭಾವನಿಗೂ ಹಿಂಗೇ ಆಯ್ತು, ಕೇಳಿ". 'ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ' ಎಂಬ ಗಾದೆಯನ್ನೂ ಸ್ಥಗಿತಗೊಳಿಸಲಾಗಿದೆ. ಅದನ್ನು ಈ ವಾರ ಎಲ್ಲ ಶಾಖೆಗಳೂ ಒಂದಕ್ಕಿಂತ ಹೆಚ್ಚು ಬಾರಿ ಬಳಸಿ ಖಾಲಿ ಮಾಡಿರುತ್ತವೆ.

೯. ಮಾರಾಟದ ಪುಟದಲ್ಲಿ ಮಾರಾಟಗಾರರಿಗೆ ನಕ್ಷತ್ರ ನೀಡುವುದಿದ್ದಲ್ಲಿ ಮೇಲಧಿಕಾರಿಗಳ ಮುಖಾಂತರವೇ ನೀಡತಕ್ಕದ್ದು. ಬೆರಳಚ್ಚುಗಾರ್ತಿಯವರು ಕೊಡಬಯಸಿದ ಒಂದು ನಕ್ಷತ್ರವು ಸದ್ಯ ಲೆಕ್ಕಪತ್ರ ಶಾಖೆಯಲ್ಲಿ ಪರಿಶೀಲನೆಯಲ್ಲಿದೆ. ಅದನ್ನು ಅರ್ಧಕ್ಕೆ ಇಳಿಸಬಹುದೇ ಎಂಬ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದೆ. ನಿಟ್ಟುಸಿರನ್ನು ಕುಳಿತ ಜಾಗದಲ್ಲಿಯೇ ಬಿಡಬಹುದು. ಅದಕ್ಕೆ ಅನುಮತಿ ಬೇಕಿಲ್ಲ.

೧೦. ಗುರುವಾರ ಮಧ್ಯಾಹ್ನ ಅಧೀಕ್ಷಕರ ಕೊಠಡಿಯಲ್ಲಿ ಅಂತಿಮ ತಪಾಸಣೆ ನಡೆಯಿತು. ಕರಡಿಯನ್ನು ಮೇಜಿನ ಮೇಲೆ, ಪುಟ ಒಂದು ಮುಂದೆ ಬರುವಂತೆ, ನಿಲ್ಲಿಸಿ ಅಧೀಕ್ಷಕರೇ ಖುದ್ದಾಗಿ ಕೀಲಿ ಕೊಟ್ಟರು. ಕರಡಿಯು ಎಂದಿನಂತೆ ಗಾಳಿಯನ್ನು ಬಾರಿಸತೊಡಗಿತು. ಆದರೆ ಸದ್ದು ಕೇಳಿಸಿತು. ಸ್ಪಷ್ಟವಾಗಿ, ಕೈ ಬಿದ್ದಾಗಲೆಲ್ಲ ಕೇಳಿಸಿತು. ತಪಾಸಣಾ ಸಮಿತಿಯು ಎದ್ದು ನಿಂತಿತು. ಮೊಹರು ಮಾಮ ಟೋಪಿ ತೆಗೆದರು. ವಿಚಾರಿಸಲಾಗಿ, ಪಕ್ಕದ ಕೊಠಡಿಯಲ್ಲಿ ಬೆರಳಚ್ಚುಗಾರ್ತಿಯವರು ಅರ್ಧ ತೆರೆದ ಬಾಗಿಲಿನಿಂದ ಕರಡಿಯನ್ನೇ ನೋಡುತ್ತ, ಗಮನ ತಪ್ಪಿ, ಖಾಲಿ ಮೇಜಿನ ಮೇಲೆ ಅದರ ಕೈಗೆ ಸರಿಯಾಗಿ ಬೆರಳು ಬಡಿಯುತ್ತಿದ್ದರೆಂದು ತಿಳಿದುಬಂದಿತು. ಕೆಲಸದ ವೇಳೆಯಲ್ಲಿ ಮೇಜು ಬಡಿದುದಕ್ಕೆ ಕಾರಣ ಕೇಳಲು ಸಮಿತಿಯು ಮರೆತಿರುತ್ತದೆ. ಇನ್ನೊಮ್ಮೆ ಕೀಲಿ ಕೊಡಲಾಯಿತು. ಮತ್ತೂ ಒಮ್ಮೆ ಕೊಡಲಾಯಿತು. ಅಂದಿನ ಟಪಾಲು ಹೊರಡಲಿಲ್ಲ.

೧೧. ಮೇಲಿನ ತಪಾಸಣೆಯ ಆಧಾರದ ಮೇಲೆ, ಬೆರಳಚ್ಚುಗಾರ್ತಿಯವರನ್ನು ಕರಡಿಯ ಕಡತಕ್ಕೆ ಲಗತ್ತೆಂದು ಘೋಷಿಸಲಾಗಿದೆ. ಕಡತವನ್ನೂ ಲಗತ್ತನ್ನೂ ಬೇರ್ಪಡಿಸುವುದು ಗಂಭೀರ ಲೋಪವಾಗುತ್ತದೆ. ಮೇಜು, ಪಾತ್ರೆಯ ಮುಚ್ಚಳ ಅಥವಾ ಫ್ರಿಜ್ಜಿನ ಬಾಗಿಲ ಮೇಲೆ ಅವರು ಇನ್ನು ಮುಂದೆ ಆಡಿಸುವ ಬೆರಳನ್ನು ಬೆರಳಚ್ಚು ಕೆಲಸವೆಂದೇ ಪರಿಗಣಿಸಲಾಗುವುದು.

೧೨. ಮೊಹರು ಬಿದ್ದ ಕಡತವನ್ನು ಮಾರಲು, ಕೊಡಲು, ಬದಲಿಸಲು ಅಥವಾ ಖಾಸಗಿ ವ್ಯಕ್ತಿಗಳಿಗೆ ವಹಿಸಲು ನಿಯಮಗಳಲ್ಲಿ ಅವಕಾಶವಿಲ್ಲ. ಆದರೆ ತಜ್ಞರ ಅಭಿಪ್ರಾಯ ಕೋರಿ ಕಳುಹಿಸಲು ಅವಕಾಶವಿದೆ. ತಗಡಿನ ವಾದ್ಯಮೇಳಗಳ ವಿಷಯದಲ್ಲಿ ಈ ಊರಿನಲ್ಲಿ ಬೆರಳಚ್ಚುಗಾರ್ತಿಯವರ ಅತ್ತೆಯವರಿಗಿಂತ ಹೆಚ್ಚು ಸೇವಾನುಭವ ಯಾರಿಗೂ ಇಲ್ಲವಾದ್ದರಿಂದ, ಕಡತವನ್ನು ಇಂದೇ ಅವರಿಗೆ ಕಳುಹಿಸಲು ತೀರ್ಮಾನಿಸಲಾಗಿದೆ. ಅಭಿಪ್ರಾಯ ಸಲ್ಲಿಸಲು ಕಾಲಮಿತಿ ಇರುವುದಿಲ್ಲ. ನೆನಪೋಲೆ ಕಳುಹಿಸಿದ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.

೧೩. ಅಭಿಪ್ರಾಯ ಬಾಕಿಯಿರುವ ಕಡತವನ್ನು ಈ ಕಚೇರಿಯ ವ್ಯಾಪ್ತಿ ಮೀರಿ, ಅಂದರೆ ಬೇರೆ ಊರಿಗೆ, ಒಯ್ಯುವಂತಿಲ್ಲ. ಈ ನಿಯಮವು ಭಾನುವಾರದ ಪ್ರಯಾಣಕ್ಕೆ ಅಡ್ಡಿಯಾಗುತ್ತದೆಂಬುದು ಕಡೆಯ ಗಳಿಗೆಯಲ್ಲಿ ಗಮನಕ್ಕೆ ಬಂದುದರಿಂದ, ಇಂದು ಬೆಳಿಗ್ಗೆ ಅಧೀಕ್ಷಕರು ಅತ್ತೆಯವರಿಗೆ ಫೋನು ಮಾಡಿ, ಲಗತ್ತಿನ ವಿಷಯವನ್ನೂ ತಿಳಿಸಿ, ಕ್ಷಮೆ ಕೋರಿದರು. ನಂತರ ಅತ್ತೆಯವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಸೊಸೆ ಬಡೀತಾಳಾ? ಬಡೀಲಿ. ಅಭಿಪ್ರಾಯ ಅಂದ್ರೆ ಏನ್ ಸಾರ್, ಒಂದ್ ದಿನಕ್ಕೆ ಮುಗಿಯೋದಾ? ಒಂದ್ಸಲ ಕೇಳ್ಬೇಕು, ಇನ್ನೊಂದ್ಸಲ ಕೇಳ್ಬೇಕು. ಚಳಿಗಾಲದಲ್ಲಿ ತಗಡಿನ ಸದ್ದೇ ಬೇರೆ, ಆಗ್ಲೂ ಕೇಳ್ಬೇಕು. ನಾನು ಬರಲ್ಲ ಅಂತ ಹೇಳೋಕೆ ಮಗಳ ಹತ್ರ ನನಗೆ ಬಾಯಿ ಬರ್ತಿರ್ಲಿಲ್ಲ. ಈಗ ಹೇಳ್ತೀನಿ, ಆಫೀಸ್ ಕೆಲಸ ಬಂತು ಕಣೇ ಅಂತ."

೧೪. ಹೇಳಿಕೆಯನ್ನು ಬೆರಳಚ್ಚುಗಾರ್ತಿಯವರಿಗೆ ಓದಿ ಕೇಳಿಸಲಾಯಿತು. ಈ ಸುತ್ತೋಲೆಯಲ್ಲಿ ಮೇಲಿನ ಪರಿಚ್ಛೇದವನ್ನು ಬೆರಳಚ್ಚು ಮಾಡಲು ಅವರು ಎಂದಿಗಿಂತ ಹೆಚ್ಚು ಸಮಯ ತೆಗೆದುಕೊಂಡಿರುತ್ತಾರೆ. ವಿಳಂಬವನ್ನು ಮನ್ನಿಸಲಾಗಿದೆ. ಇಂದು ಮೂರು ಗಂಟೆಗೆ, ಕಡತ ಸಹಿತ, ಕಚೇರಿ ಬಿಡಲು ಅವರಿಗೆ ಆದೇಶಿಸಲಾಗಿದೆ. ಬಸ್ಸಿನಲ್ಲಿ ಕಡತವನ್ನು ತೊಡೆಯ ಮೇಲೆ ಇಟ್ಟುಕೊಳ್ಳತಕ್ಕದ್ದು.

ಈ ಸೂಚನೆಗಳಿಗೆ ತಪ್ಪಿ ನಡೆದವರಿಗೆ ಮುಂದಿನ ಹಳೆಯ ಆಟಿಕೆಯ ಪಾರ್ಸೆಲನ್ನು ಎಲ್ಲರೆದುರು ಬಿಚ್ಚುವ ಜವಾಬ್ದಾರಿ ವಹಿಸಲಾಗುವುದು.

ಸಹಿ/-
ಅಧೀಕ್ಷಕರು (ಪ್ರಭಾರ)
ಕೀಲಿ ಕೊಡಲು ಅಧಿಕಾರ ಪಡೆದವರು

ಪ್ರತಿಗಳು:
೧. ಎಲ್ಲ ಶಾಖೆಗಳಿಗೆ, ಗೋಡೆಗೆ ಅಂಟಿಸಲು.
೨. ಟಪಾಲು ಶಾಖೆಗೆ. ಇದರ ಮೇಲೆ ಮೊಹರು ಹಾಕಬಹುದು.
೩. ಮಾರಾಟಗಾರರಿಗೆ, ಅವರಲ್ಲಿರುವ ಡೋಲಿನ ಕರಡಿಯು ಈ ಕಚೇರಿಗೆ ಬೇಕಾಗಿಲ್ಲವೆಂಬ ಮಾಹಿತಿಗಾಗಿ.
೪. ಕಾನೂನು ಕೋಶಕ್ಕೆ. ಇನ್ನು ಬಾಯಿ ತೆರೆಯಬಹುದು.
೫. ಬೆರಳಚ್ಚುಗಾರ್ತಿಯವರ ಅತ್ತೆಯವರಿಗೆ, ಕಡತದೊಂದಿಗೆ. ಲಗತ್ತು ಇದನ್ನು ಗಟ್ಟಿಯಾಗಿ ಓದಿ ಹೇಳತಕ್ಕದ್ದು.
೬. ಅತ್ತೆಯವರ ಮಗಳಿಗೆ, ಭಾನುವಾರ ನಿಲ್ದಾಣಕ್ಕೆ ಬರುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲವೆಂದು ಕೋರಿ.