ಮಾವನ ಮುಷ್ಟಿ, ಅತ್ತೆಯ ತಂಬುಳಿ

ನಮ್ಮ ಸೋದರಮಾವನಿಗೆ ಅಡುಗೆ ಬರುವುದಿಲ್ಲ ಎಂದು ನಾನು ಹೇಳಿದರೆ ಠಾಣೆ ಊರಿನ ಅರ್ಧ ಜನ ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ಬರಲಿ! ಠಾಣೆ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿನಲ್ಲಿ ನಲವತ್ತು ವರ್ಷ ಮುಖ್ಯ ಅಡುಗೆಯವರಾಗಿದ್ದವರು ಅವರು. ಅವರ ಸಾಂಬಾರಿಗಾಗಿ ಬಂದ ಲೋಕಲ್ ಟ್ರೇನನ್ನು ಬಿಟ್ಟುಕೊಟ್ಟವರಿದ್ದಾರೆ. ನಮ್ಮ ಕಡೆ ಇದಕ್ಕಿಂತ ದೊಡ್ಡ ತ್ಯಾಗ ಇನ್ನೊಂದಿಲ್ಲ. ಆದರೂ ನನ್ನ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ. ಇನ್ನೂರು ಜನಕ್ಕೆ ಕಣ್ಣು ಮುಚ್ಚಿ ಅಡುಗೆ ಮಾಡುವ ಈ ಮಹಾನುಭಾವರಿಗೆ ಇಬ್ಬರಿಗೆ ಅಡುಗೆ ಮಾಡಲು ಬರುತ್ತಿರಲಿಲ್ಲ. ಇನ್ನು ಒಬ್ಬರಿಗೆ? ಕೇಳಲೇಬೇಡಿ.

ಇದಕ್ಕೆಲ್ಲ ಕಾರಣ ಅವರ ಬಲಗೈ. ಚಮಚ, ಲೋಟ, ತಕ್ಕಡಿ ಯಾವುದನ್ನೂ ಮಾವ ನಂಬಿದವರಲ್ಲ. ಉಪ್ಪೆಂದರೆ ಒಂದು ಮುಷ್ಟಿ, ಖಾರವೆಂದರೆ ಒಂದು ಮುಷ್ಟಿ, ಸಾಸಿವೆಯೂ ಮುಷ್ಟಿಯೇ. ಆ ಮುಷ್ಟಿಯೋ, ನನ್ನ ಎರಡು ಕೈ ಸೇರಿಸಿದರೂ ಅದರ ಸಮಕ್ಕೆ ಬಾರದು. ಹೋಟೆಲಿನ ಹಂಡೆಗೆ ಅದು ಸರಿಯೇ. ನಾಲ್ಕು ವರ್ಷದ ಹಿಂದೆ ಮಾವ ಕೆಲಸ ಬಿಟ್ಟು ಡೊಂಬಿವಲಿಯ ಮನೆಯಲ್ಲಿ ಕುಳಿತರು, ಮುಷ್ಟಿ ಮಾತ್ರ ನಿವೃತ್ತಿ ಪಡೆಯಲಿಲ್ಲ. ಮನೆಯಲ್ಲಿರುವುದು ಅತ್ತೆ, ಮಾವ, ಇಬ್ಬರೇ. ಮೊದಲ ದಿನ ಒಂದು ಸಣ್ಣ ಪಾತ್ರೆಯ ಸಾಂಬಾರಿಗೆ ಮಾವ ಒಂದು ಮುಷ್ಟಿ ಉಪ್ಪು ಹಾಕಿದರು. ಬೇರೆ ಯಾರಾದರೂ ಆಗಿದ್ದರೆ ಮರುದಿನ ಉಪ್ಪು ಕಡಿಮೆ ಮಾಡುತ್ತಿದ್ದರು. ಮಾವ ಪಾತ್ರೆ ದೊಡ್ಡದು ಮಾಡಿದರು! ಉಪ್ಪಿಗೆ ತಕ್ಕ ನೀರು, ನೀರಿಗೆ ತಕ್ಕ ಬೇಳೆ, ಬೇಳೆಗೆ ತಕ್ಕಂತೆ ಒಂದು ಇಡೀ ಕುಂಬಳಕಾಯಿ.

“ಇಷ್ಟು ಯಾರಿಗೆ?” ಎಂದು ಅತ್ತೆ ಕೇಳಿದರಂತೆ.

“ಜನ ಬರ್ತಾರೆ.”

“ಎಲ್ಲಿಂದ ಬರ್ತಾರೆ?”

“ಸಾಂಬಾರ್ ಆದ ಮೇಲೆ ಜನ ಬಾರದೆ ಇರ್ತಾರಾ? ನಲವತ್ತು ವರ್ಷ ಬರ್ಲಿಲ್ವಾ?”

ಜನ ಬರಲಿಲ್ಲ. ಹಾಗಾಗಿ ಸಾಂಬಾರೇ ಜನರನ್ನು ಹುಡುಕಿಕೊಂಡು ಹೊರಟಿತು. ಮೊದಲು ಎದುರು ಮನೆ, ಆಮೇಲೆ ಕೆಳಗಿನ ಮನೆ, ಆಮೇಲೆ ವಾಚ್‌ಮನ್. ಒಂದು ತಿಂಗಳಲ್ಲಿ ಇಡೀ ಬಿಲ್ಡಿಂಗು ಸುಸ್ತಾಯಿತು. ಕೆಳಗಿನ ಮನೆಯ ಮರಾಠಿ ಚಿಕ್ಕಮ್ಮ, ಎಲ್ಲರಿಗೂ ಕಾಕು, ಬಾಗಿಲು ತೆರೆಯುವ ಮೊದಲೇ “ಅಣ್ಣಾ, ಕಾಲ್‌ಚಂಚ್ ಆಹೇ ಅಜೂನ್” ಎನ್ನತೊಡಗಿದರು. ನಿನ್ನೆಯದೇ ಇನ್ನೂ ಇದೆ ಮಹರಾಯರೇ ಎಂದು ಅರ್ಥ. ಮಾವ ನಲವತ್ತು ವರ್ಷದಿಂದ ಮರಾಠಿಯಲ್ಲೇ ವ್ಯವಹಾರ ಮಾಡಿದವರು, ಆದರೆ ಈ ಒಂದು ವಾಕ್ಯ ಅವರಿಗೆ ಅರ್ಥವಾಗುತ್ತಿರಲಿಲ್ಲ. ಒಂದು ಶನಿವಾರ ಲಿಫ್ಟ್ ಎರಡನೇ ಮಹಡಿಯಲ್ಲಿ ಜರ್ಕ್ ಹೊಡೆದು, ಮಾವನ ಹಂಡೆ ವಾಲಿ, ಸೊಸೈಟಿಯ ಸೆಕ್ರೆಟರಿಯ ಬಿಳಿ ಪ್ಯಾಂಟು ಮೊಣಕಾಲಿನವರೆಗೆ ಸಾಂಬಾರಾಯಿತು. ಆ ಲಿಫ್ಟಿನಲ್ಲಿ ಇವತ್ತಿಗೂ ಒಂದು ನೋಟಿಸ್ ಇದೆ, ಬೇಕಾದರೆ ಹೋಗಿ ನೋಡಿ: ಲಿಫ್ಟಿನಲ್ಲಿ ಫರ್ನಿಚರ್ ಮತ್ತು ಸಾಂಬಾರ್ ಸಾಗಿಸತಕ್ಕದ್ದಲ್ಲ.

ನಾನು ಠಾಣೆಯ ಪಕ್ಕದ ಐರೋಲಿಯಲ್ಲಿರುವವಳು. ನನ್ನ ಗಂಡ ಮೈಸೂರಿನವನು. ಮದುವೆಯಾದ ಹೊಸತರಲ್ಲಿ ಅವನಿಗೆ ನಮ್ಮೂರಿನ ಕೊದ್ದೆಲ್ ಮಾಡಿ ಬಡಿಸೋಣ ಎಂಬ ಹುಮ್ಮಸ್ಸಿನಿಂದ ಮಾವನಿಗೆ ಫೋನ್ ಮಾಡಿದೆ. ಕೊದ್ದೆಲ್ ಎಂದರೆ ಬೆಳ್ಳುಳ್ಳಿ ಒಗ್ಗರಣೆಯ, ಕಾಯಿ ಅರೆದು ಹಾಕಿದ ಸಾರು.

“ಸುಲಭ ಮಾರಾಯ್ತಿ. ಬರ್ಕೊ. ಸೌತೆಕಾಯಿ ಹನ್ನೆರಡು ಕಿಲೋ.”

“ಮಾವ, ನಾವು ಇಬ್ಬರೇ.”

“ಹಾಗಾದ್ರೆ ಭಾಗ ಮಾಡ್ಕೊ. ತೆಂಗಿನಕಾಯಿ ಹದಿನೈದು.”

ಗಂಡ ಬ್ಯಾಂಕಿನಲ್ಲಿ ಲೆಕ್ಕ ನೋಡುವವನು, ಖುಷಿಯಿಂದ ಕ್ಯಾಲ್ಕುಲೇಟರ್ ತೆಗೆದ. ಇನ್ನೂರನ್ನು ಎರಡರಿಂದ ಭಾಗಿಸಿದ, ಬಂದ ಸಂಖ್ಯೆಯಿಂದ ಎಲ್ಲವನ್ನೂ ಭಾಗಿಸಿದ. ಕೊನೆಗೆ ನಮ್ಮ ಒಗ್ಗರಣೆಗೆ ಬಂದದ್ದು ಮುಕ್ಕಾಲು ಎಸಳು ಬೆಳ್ಳುಳ್ಳಿ, ಅರ್ಧ ಕರಿಬೇವಿನ ಎಲೆ. “ಏನೇ ಇದು, ನಿಮ್ಮೂರಿನ ಊಟಾನಾ, ಹೋಮಿಯೋಪತಿನಾ?” ಎಂದ. ಆ ದಿನ ನಾವು ಮೊಸರನ್ನ ತಿಂದೆವು.

ಮಾವನಿಗೆ ಜೀವನದಲ್ಲಿ ಒಂದೇ ಒಂದು ಶಬ್ದವನ್ನು ಕಂಡರೆ ಆಗದು: ಖಲಾಸ್. ಇಡ್ಲಿ ಮುಗಿಯಿತು, ವಡೆ ಮುಗಿಯಿತು ಎನ್ನಲು ಇಲ್ಲಿಯ ಹೋಟೆಲುಗಳಲ್ಲಿ ಕೂಗುವ ಶಬ್ದ ಅದು. ತಮ್ಮ ಅಡುಗೆಮನೆಯಿಂದ ನಲವತ್ತು ವರ್ಷದಲ್ಲಿ ಒಮ್ಮೆಯೂ ಆ ಕೂಗು ಹೊರಡಲಿಲ್ಲ ಎಂಬುದು ಅವರ ಹೆಮ್ಮೆ. “ಕೇಳಿದವರಿಗೆ ಇಲ್ಲ ಅನ್ಲಿಕ್ಕೆ ನಾವೆಂತಕ್ಕೆ ಅಡಿಗೆ ಮಾಡುದು?” ಎಂದು ಎದೆ ಉಬ್ಬಿಸುತ್ತಿದ್ದರು. ಹಾಗೆ ಖಲಾಸ್ ಆಗದೆ ಉಳಿದದ್ದೆಲ್ಲ ಪ್ರತಿದಿನ ಡಬ್ಬಿಯಲ್ಲಿ ಡೊಂಬಿವಲಿಗೆ ಬರುತ್ತಿತ್ತು. ಅತ್ತೆ ನಲವತ್ತು ವರ್ಷ ಅದನ್ನೇ ಬಿಸಿ ಮಾಡಿಕೊಂಡು ಉಂಡರು.

ಅತ್ತೆಯ ಇಷ್ಟದ ಊಟ ಮಾತ್ರ ಬೇರೆಯೇ. ಬಾಲ್ಕನಿಯ ಗ್ರಿಲ್ಲಿನಲ್ಲಿ, ಒಂದು ಹಳೆಯ ಪೇಂಟ್ ಡಬ್ಬದಲ್ಲಿ ಅವರು ಒಂದೆಲಗ ಬೆಳೆಸಿದ್ದಾರೆ. ಕಾರ್ಕಳದ ತವರುಮನೆಯ ಬಾವಿಕಟ್ಟೆಯ ಪಕ್ಕದಿಂದ ಬೇರುಸಮೇತ ಬಸ್ಸಿನಲ್ಲಿ ತಂದದ್ದು. ಅದರ ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿಯ ಜೊತೆ ಅರೆದು, ಮಜ್ಜಿಗೆ ಬೆರೆಸಿದರೆ ತಂಬುಳಿ. ತಣ್ಣಗಿನ ತಂಬುಳಿ, ಬಿಸಿ ಅನ್ನ. ಅತ್ತೆಗೆ ಅಷ್ಟಿದ್ದರೆ ಸಾಕು. ಯಾವಾಗಲೋ ಒಮ್ಮೆ ಅವರು ಗಂಡನಿಗೆ, “ನನಗೊಂದು ಬಟ್ಟಲು ತಂಬುಳಿ ಮಾಡಿಕೊಡಿ ನೋಡುವ” ಎಂದಿದ್ದರಂತೆ. ಮಾವ ಪೇಂಟ್ ಡಬ್ಬವನ್ನು ಒಂದು ಸುತ್ತು ತಿರುಗಿಸಿ ನೋಡಿ, “ಇಷ್ಟು ಎಲೆಗೆ ಮಿಕ್ಸಿ ಸಹ ತಿರುಗುದಿಲ್ಲ” ಎಂದು ಎದ್ದು ಹೋದರಂತೆ. ಅತ್ತೆ ಮತ್ತೆ ಕೇಳಲಿಲ್ಲ. ತಾವೇ ಮಾಡಿಕೊಂಡು ಉಂಡರು.

ಕಳೆದ ಮಳೆಗಾಲದಲ್ಲಿ ಅತ್ತೆಗೆ ಟೈಫಾಯ್ಡ್ ಆಯಿತು. ಮೂರು ವಾರದಲ್ಲಿ ಜ್ವರ ಇಳಿಯಿತು, ಆದರೆ ಹಸಿವು ತಿರುಗಿ ಬರಲಿಲ್ಲ. ಏನು ಕೊಟ್ಟರೂ ಎರಡು ಚಮಚಕ್ಕೆ ಮುಖ ತಿರುಗಿಸುತ್ತಿದ್ದರು. ಕೈಬಳೆ ಜಾರಿ ಮೊಣಕೈಯವರೆಗೆ ಹೋಗುವಷ್ಟು ಇಳಿದುಹೋದರು. ಹಗುರವಾದದ್ದು ಏನು ಇಷ್ಟವೋ ಕೊಡಿ, ಸೋಮವಾರದೊಳಗೆ ಊಟ ಸೇರದಿದ್ದರೆ ಅಡ್ಮಿಟ್ ಮಾಡಿ ಸಲೈನ್ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ಮಾವ ಹೆದರಿದರು. ಹೆದರಿದ ಮಾವ ಏನು ಮಾಡಿದರು? ಒಂದು ಹಂಡೆ ಗಂಜಿ ಮಾಡಿದರು! ಬಿಲ್ಡಿಂಗಿನಲ್ಲಿ ಗಟ್ಟಿಮುಟ್ಟಾಗಿದ್ದವರೆಲ್ಲ ಮೂರು ದಿನ ಗಂಜಿ ಕುಡಿದರು. ಕುಡಿಯಬೇಕಾದವರು ಕುಡಿಯಲಿಲ್ಲ.

ಗುರುವಾರ ನಾನು ರಜೆ ಹಾಕಿ ಡೊಂಬಿವಲಿಗೆ ಹೋದೆ. ಜೊತೆಯಲ್ಲಿ ನಾನೇ ಮಾಡಿದ ಹೆಸರುಬೇಳೆ ತೊವ್ವೆ ಒಯ್ದಿದ್ದೆ. ಅತ್ತೆ ಅದನ್ನೂ ಬೆರಳಲ್ಲಿ ಮುಟ್ಟಿ ಪಕ್ಕಕ್ಕಿಟ್ಟರು.

“ಹೀಗೆ ಮಾಡಿದ್ರೆ ಹೇಗೆ ಅತ್ತೆ? ಮಾವ ಅಷ್ಟು ಮಾಡ್ತಾರೆ, ಒಂದು ತುತ್ತಾದ್ರೂ ತಿನ್ಬಾರ್ದಾ?”

“ಅವರು ನನಗೆ ಅಂತ ಮಾಡುದಲ್ಲ ಮಗಾ,” ಎಂದರು ಅತ್ತೆ. ಕೋಪವಿರಲಿಲ್ಲ, ದನಿಯಲ್ಲಿ ಅದಕ್ಕೆ ಬೇಕಾದ ಶಕ್ತಿಯೂ ಇರಲಿಲ್ಲ. “ಊರಿಗೆಲ್ಲ ಮಾಡ್ತಾರೆ, ಅದರಲ್ಲಿ ನನಗೂ ಒಂದು ಸೌಟು. ಮೊದ್ಲಿಂದ ಹಾಗೇ. ಆ ಹಂಡೆ ನೋಡಿದ್ರೆ ಈಗ ನನಗೆ ಒಳಗೆ ಹೋಗುದಿಲ್ಲ. ನನಗೊಬ್ಬಳಿಗೆ ಅಂತ ಒಂದು ದಿನ, ಒಂದು ಬಟ್ಟಲು...” ಅಷ್ಟಕ್ಕೆ ನಿಲ್ಲಿಸಿ ಗೋಡೆಯ ಕಡೆ ತಿರುಗಿ ಮಲಗಿದರು.

ಅಡುಗೆಮನೆಯಲ್ಲಿ ಅಲ್ಲಿಯವರೆಗೆ ಓಡುತ್ತಿದ್ದ ಮಿಕ್ಸಿ ಯಾವಾಗ ನಿಂತಿತ್ತೋ ಗೊತ್ತಿಲ್ಲ. ನಾನು ಹೋಗಿ ನೋಡಿದರೆ ಮಾವ ಒಲೆಯ ಎದುರು ಸುಮ್ಮನೆ ನಿಂತು ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು ಎಂದು ನನಗೆ ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ನಮ್ಮ ಐರೋಲಿ ಮನೆಯ ಬೆಲ್ ಆಯಿತು. ಮಾವ! ಠಾಣೆಯಲ್ಲಿ ಟ್ರೇನ್ ಬದಲಿಸಿ, ಮಾರ್ಕೆಟಿನಿಂದ ಒಂದು ಚೀಲ ಕೊತ್ತಂಬರಿ ಸೊಪ್ಪು ಕಟ್ಟಿಸಿಕೊಂಡು ಬಂದಿದ್ದರು. ಕಾಕು ಅತ್ತೆಯ ಹತ್ತಿರ ಕುಳಿತಿದ್ದಾರೆ, ಮಧ್ಯಾಹ್ನದೊಳಗೆ ವಾಪಸ್ ಹೋಗಬೇಕು ಎಂದರು.

“ನಿನ್ನ ಹತ್ರ ಕೇಕಿಗೆ ಅಳತೆ ಮಾಡುವ ಸಣ್ಣ ಚಮಚ ಉಂಟಲ್ಲ, ಅದು ಕೊಡು. ನನಗೆ ಒಬ್ಬರ ಅಳತೆಯಲ್ಲಿ ತಂಬುಳಿ ಕಲೀಬೇಕು.”

“ಅದಕ್ಕೆ ಇಲ್ಲಿಯವರೆಗೆ ಬರ್ಬೇಕಾ ಮಾವ? ಅಲ್ಲಿಯೇ ಮಾಡಬಹುದಿತ್ತಲ್ಲ.”

“ಅಲ್ಲಿ ಇರುದು ಒಂದು ಹಿಡಿ ಎಲೆ. ಅದು ಹಾಳಾದ್ರೆ ಮತ್ತೆ ಬರ್ಲಿಕ್ಕೆ ಎಷ್ಟು ದಿನ ಬೇಕೊ. ಮೊದ್ಲು ಕೊತ್ತಂಬರಿಯಲ್ಲಿ ಕೈ ಪಳಗಿಸುದು, ಮತ್ತೆ ಒಂದೆಲಗ.”

ಹೀಗೆ ನಮ್ಮ ಅಡುಗೆಮನೆಯಲ್ಲಿ ಮಾವನ ವಿದ್ಯಾಭ್ಯಾಸ ಶುರುವಾಯಿತು. ಆ ಪುಟ್ಟ ಚಮಚ ಅವರ ಬೆರಳುಗಳ ಮಧ್ಯೆ ಕಾಣಿಸುತ್ತಲೇ ಇರಲಿಲ್ಲ. ಜೀರಿಗೆಯನ್ನು ಉಸಿರು ಬಿಗಿಹಿಡಿದು ಅಳೆದರು. ಕಾಳುಮೆಣಸು ನಾಲ್ಕೇ ನಾಲ್ಕು ಎಣಿಸಿ ಹಾಕಿದರು. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಇನ್ನೇನು ಆಯಿತು ಅನ್ನುವಾಗ ಬಲಗೈ ತನ್ನಷ್ಟಕ್ಕೆ ತಾನೇ ಉಪ್ಪಿನ ಡಬ್ಬಿಗೆ ಹೋಗಿ ಒಂದು ಮುಷ್ಟಿ ತುಂಬಿಕೊಂಡು ಬಂದು ಸುರಿಯಿತು! “ಅಯ್ಯೋ” ಎಂದರು ಮಾವ. ಉಪ್ಪಿಗೆ ತಕ್ಕ ಮಜ್ಜಿಗೆ, ಮಜ್ಜಿಗೆಗೆ ತಕ್ಕ ಕಾಯಿ. ಒಂದು ಬಕೆಟ್ ತಂಬುಳಿಯಾಯಿತು. ಎರಡನೇ ಸಲವೂ ಬಕೆಟ್. ಶನಿವಾರ ಮತ್ತೆ ಬಂದರು, ಮೂರನೇ ಬಕೆಟ್ ಮಾಡಿದರು. ನನ್ನ ಗಂಡ ಆಫೀಸಿನಲ್ಲಿ ಎಲ್ಲರಿಗೂ ಹಂಚಿದ. ಗುಜರಾತಿ ಮ್ಯಾನೇಜರು ತನ್ನ ಕಡೆಯ ಮಜ್ಜಿಗೆ ಛಾಸ್ ಎಂದು ತಿಳಿದು ಎರಡು ಲೋಟ ಕುಡಿದನಂತೆ.

ನಾಲ್ಕನೇ ಸಲ ಮಾವ ಒಂದು ಉಪಾಯ ಮಾಡಿದರು. ಕಿರುಬೆರಳು, ಉಂಗುರಬೆರಳು ಎರಡನ್ನೂ ಅಂಗೈಗೆ ಮಡಚಿ, ನನ್ನಿಂದ ಬಟ್ಟೆಯ ಪಟ್ಟಿ ಸುತ್ತಿಸಿಕೊಂಡರು. ಉಳಿದದ್ದು ಮೂರು ಬೆರಳು. ಮೂರು ಬೆರಳಲ್ಲಿ ಎಷ್ಟು ಉಪ್ಪು ಬಂದೀತು? ಒಂದು ಚಿಟಿಕೆ. ಅದನ್ನು ಹಾಕಿದರು, ಕಲಸಿದರು, ರುಚಿ ನೋಡಿ ಕಣ್ಣು ಮುಚ್ಚಿಕೊಂಡರು. ಒಂದು ಬಟ್ಟಲು. ಸರಿಯಾಗಿ ಒಂದೇ ಬಟ್ಟಲು. ನನ್ನ ಚಮಚಗಳನ್ನು ಶರ್ಟಿನ ಕಿಸೆಯಲ್ಲಿ ಹಾಕಿಕೊಂಡು, ಬೆರಳಿನ ಪಟ್ಟಿಯನ್ನೂ ಬಿಚ್ಚದೆ ಸ್ಟೇಷನ್ನಿಗೆ ಹೊರಟೇಬಿಟ್ಟರು. ಗಾಡಿಯಲ್ಲಿ ಯಾರೋ ಪಾಪ, ಪೆಟ್ಟಾಗಿದೆ ಎಂದುಕೊಂಡು ಎದ್ದು ಸೀಟು ಕೊಟ್ಟರಂತೆ.

ಭಾನುವಾರ ಮಧ್ಯಾಹ್ನ ನಾನು ಡೊಂಬಿವಲಿಗೆ ಹೋದೆ. ಖಾಲಿ ಹೊಟ್ಟೆಯಲ್ಲೇ ಹೋದೆ. ಮಾವನ ಮನೆಗೆ ಹೋಗುವಾಗ ನಮ್ಮ ಬಳಗದಲ್ಲಿ ಯಾರೂ ತಿಂದು ಹೋಗುವುದಿಲ್ಲ, ತಿಂದು ಹೋದರೆ ವಾಪಸ್ ಬರುವಾಗ ನಡೆಯಲಾಗುವುದಿಲ್ಲ. ಬೆಲ್ ಮಾಡಿದೆ. ಮಾವ ಬಾಗಿಲನ್ನು ಅರ್ಧ ಮಾತ್ರ ತೆರೆದರು.

“ಊಟ ಆಗಿದೆಯಾ ನಿಂದು?”

“ಇಲ್ಲ ಮಾವ.”

“ಇಲ್ಲಿ ಎಂತದೂ ಇಲ್ಲ. ಕೆಳಗೆ ವಡಾಪಾವ್ ಸಿಗ್ತದೆ. ತಿಂದು ಬಾ.”

ನಾನು ಅಲ್ಲೇ ನಿಂತೆ. ಕೇಳಿದ್ದು ಸರಿಯೋ ತಪ್ಪೋ ಗೊತ್ತಾಗಲಿಲ್ಲ. ಮೀಟರ್ ನೋಡಲು ಬಂದವನಿಗೆ ಎಲೆ ಹಾಕಿ ಬಡಿಸಿದ ಮನುಷ್ಯ ಇವರು! ಬಾಗಿಲ ಸಂದಿಯಿಂದ ಒಳಗೆ ಇಣುಕಿದೆ. ಅತ್ತೆ ದಿಂಬಿಗೆ ಒರಗಿ ಕುಳಿತಿದ್ದರು. ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ಸಣ್ಣದೊಂದು ಸ್ಟೀಲಿನ ಬಟ್ಟಲು. ಅನ್ನ ಮುಗಿದಿತ್ತು. ಅತ್ತೆ ತೋರುಬೆರಳಿನಿಂದ ಬಟ್ಟಲಿನ ತಳವನ್ನು ಒರೆಸಿ ಒರೆಸಿ ನೆಕ್ಕುತ್ತಿದ್ದರು.

“ಹತ್ತೊಂಬತ್ತು ಎಲೆ,” ಎಂದು ಮಾವ ನನ್ನ ಕಿವಿಯಲ್ಲಿ ಹೇಳಿದರು. “ಎಣಿಸಿ ಕತ್ತರಿಯಲ್ಲಿ ಕತ್ತರಿಸಿದ್ದು.”

ಆಗ ಅತ್ತೆ ತಲೆ ಎತ್ತಿ, “ಇನ್ನೊಂದು ಸ್ವಲ್ಪ ಉಂಟಾ?” ಎಂದು ಕೇಳಿದರು. ಒಂದು ತಿಂಗಳ ಮೇಲೆ ಅವರು ಕೇಳಿ ತಿನ್ನಲು ಹೊರಟದ್ದು ಅದೇ ಮೊದಲು.

ಮಾವ ಗಾಬರಿಯಾಗಿ ಅಡುಗೆಮನೆಗೆ ಓಡಿದರು. ಮಿಕ್ಸಿಯ ಜಾರನ್ನು ತಲೆಕೆಳಗು ಮಾಡಿ ನೋಡಿದರು. ಗ್ರಿಲ್ಲಿನ ಪೇಂಟ್ ಡಬ್ಬ ನೋಡಿದರು, ಬರೀ ದಂಟು. ತಿರುಗಿ ಬಂದು ಅತ್ತೆಯ ಎದುರು ಎರಡೂ ಕೈ ಅಗಲಿಸಿ ನಿಂತರು. ಹೇಳಲು ಬಾಯಿ ತೆರೆದರು, ಆಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದರು.

“ಖಲಾಸ್,” ಎಂದರು.

ಹೇಳಿದ್ದೇ ತಡ ಅವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಯಾಕೆ ಸುಳ್ಳು ಹೇಳಲಿ? ಇಷ್ಟು ದೊಡ್ಡ ಆಳು, ಮಡಚಿದ ಬೆರಳಿಗೆ ಇನ್ನೂ ಬಟ್ಟೆ ಸುತ್ತಿಕೊಂಡು, ತಪ್ಪು ಮಾಡಿದವರಂತೆ ನಿಂತಿದ್ದರು. ಅತ್ತೆಯ ಮುಖದಲ್ಲಿ ಮಾತ್ರ ಎಷ್ಟೋ ದಿನದ ಮೇಲೆ ನಗು ಕಂಡಿತು.

“ಮತ್ತೆ ಎಲೆ ಬರ್ಲಿಕ್ಕೆ ಎಷ್ಟು ದಿನ ಬೇಕು?” ಎಂದು ಮಾವ ಕೇಳಿದರು.

“ಒಂದು ಹದಿನೈದು ದಿನ ಬೇಕು.”

“ಹದಿನೈದು ದಿನ ಕಾಯ್ಬೇಕಾ?”

ಅತ್ತೆ ಬಟ್ಟಲನ್ನು ಕೊನೆಯ ಸಲ ಒರೆಸಿ, ಬೆರಳನ್ನು ಬಾಯಿಗಿಟ್ಟುಕೊಂಡರು.

“ಕಾಯಿರಿ. ನಾನು ನಲವತ್ತು ವರ್ಷ ಕಾಯ್ಲಿಲ್ವಾ?”