ನಕಾಶೆ ಓಟದ ನ್ಯಾಯ ಪಂಚಾಯ್ತಿ

ಎಲ್ಲರಿಗೂ ಸರಿಯಾದ ನ್ಯಾಯ ಕೊಡಬೇಕೆಂದು ನಾನು ಪೆನ್ನು ಹಿಡಿದು ಕೂತಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ.

ಕುಂದಗೋಳ ತಾಲೂಕಿನ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಮಾಸ್ತರ. ಸುತ್ತಲಿನ ನಾಲ್ಕಾರು ಪಿ.ಟಿ. ಮಾಸ್ತರರು ಸೇರಿ ಓರಿಯೆಂಟೀರಿಂಗ್ ಶುರು ಮಾಡಿದಾಗ ಅಂಕ ಹಾಕುವ ಕೆಲಸ ನನ್ನ ಕೊರಳಿಗೆ ಬಿತ್ತು. ನಮ್ಮ ಕಡೆ ಅದಕ್ಕೆ ನಕಾಶೆ ಓಟ ಅಂತಲೇ ಹೆಸರು. ನಕಾಶೆ, ದಿಕ್ಸೂಚಿ ಹಿಡಿದು ಓಡಬೇಕು. ಹೊಲ, ಹಳ್ಳ, ಗುಡ್ಡದಲ್ಲಿ ಕಟ್ಟಿದ ಬಾವುಟಗಳನ್ನು ಒಂದಾದ ಮೇಲೊಂದು ಹುಡುಕಿ, ಅಲ್ಲಿ ತೂಗುಬಿಟ್ಟ ಪಂಚಿನಿಂದ ತಮ್ಮ ಚೀಟಿಗೆ ತೂತು ಹಾಕಿಕೊಳ್ಳಬೇಕು. ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದರು.

ಆ ವರ್ಷ ಮೂರು ಓಟ. ಮೂರರಲ್ಲಿ ಚೆನ್ನಾಗಿ ಬಂದ ಎರಡರ ಅಂಕ ಕೂಡಿಸಿ, ಹುಡುಗಿಯರಲ್ಲಿ ಮೊದಲು ಬಂದ ಒಬ್ಬಳನ್ನು ರಾಜ್ಯಮಟ್ಟಕ್ಕೆ ಕಳಿಸಬೇಕು. ಇದ್ದದ್ದು ಒಂದೇ ಸೀಟು. ಅದರ ಮೇಲೆ ಕಣ್ಣಿಟ್ಟವರು ಇಬ್ಬರು. ಒಬ್ಬಳು ತಂಬೂರ ಎಂಬ ಊರಿನ ಹುಡುಗಿ, ಮಾತು ಕಡಿಮೆ. ಇನ್ನೊಬ್ಬಳು ನವಲಗುಂದ ಕಡೆಯ ಬಟ್ಟೆ ಅಂಗಡಿ ಸಾವಕಾರರ ಮಗಳು. ಅವಳೂ ಮಾತು ಕಡಿಮೆಯೇ, ಯಾಕೆಂದರೆ ಅವಳ ಪಾಲಿನದ್ದನ್ನೂ ಅವರಪ್ಪನೇ ಆಡುತ್ತಿದ್ದ.

ಟ್ರ್ಯಾಕ್ಟರ್ ಕಾಕಾ

ಮೊದಲ ಓಟ ಮೊರಬದ ಎರೆಹೊಲದಲ್ಲಿ. ತಂಬೂರದ ಹುಡುಗಿ ಓಟ ಮುಗಿಸಿ ಬಂದವಳೇ, ನಾನು ಕೇಳದಿದ್ದರೂ ಹೇಳಿದಳು.

"ಸರ್, ಐದನೇ ಬಾವುಟದಿಂದ ಆರನೇದಕ್ಕ ಟ್ರ್ಯಾಕ್ಟರ್ ಮ್ಯಾಲ ಬಂದೇನ್ರಿ."

"ಯಾಕವಾ?"

"ಒಬ್ಬ ಕಾಕಾ ನಿಂದರ್ಸಿ, ಹತ್ತ ಬೇ ತಂಗಿ, ಬಿಸಲಾಗ ಯಾಕ ಓಡತಿ ಅಂದ್ರು. ಒಲ್ಲೆ ಅಂದ್ರ ಸಿಟ್ಟಿಗೆದ್ರು."

ವಾಹನ ಹತ್ತಿದವರಿಗೆ ಸೊನ್ನೆ. ಸೊನ್ನೆ ಬರೆದೆ. ಆಮೇಲೆ ವಿಚಾರಿಸಿದರೆ, ಆ ಕಾಕಾ ನಡುವೆ ಎರಡು ಕಡೆ ಗಾಡಿ ನಿಲ್ಲಿಸಿ ಹತ್ತಿಯ ಧಾರಣೆ ಮಾತಾಡಿದ್ದನಂತೆ. ಓಡಿದ್ದರೆ ಅವಳು ನಾಲ್ಕು ನಿಮಿಷ ಮೊದಲೇ ಬರುತ್ತಿದ್ದಳು. ತಡ ಮಾಡಿಸಿಕೊಂಡದ್ದಕ್ಕೂ ಶಿಕ್ಷೆ ಕೊಟ್ಟೆನಲ್ಲ ಎಂದು ನನಗೆ ಅಗದಿ ಕೆಟ್ಟೆನಿಸಿತು. ಅಷ್ಟರಲ್ಲಿ ಕಾಕಾ ತಾನೇ ಟ್ರ್ಯಾಕ್ಟರ್ ಹೊಡೆದುಕೊಂಡು ಜಗಳಕ್ಕೆ ಬಂದ.

"ಈ ಹುಡುಗಿಗೆ ಸೊನ್ನಿ ಕೊಟ್ಟಿರಂತ. ಆತು ಬಿಡ್ರಿ. ಬಾಜೂಕ ನನ್ನ ಹೆಂಡತಿನೂ ಕುಂತಿದ್ಲು, ಆಕಿಗೆ ಎಷ್ಟ ಬಂದಾವು?"

ಫಸ್ಟ್ ಕ್ಲಾಸ್

ನಮ್ಮ ಅಂಕದ ಪದ್ಧತಿ ಸರಳ. ಗೆದ್ದವರಿಗೆ ನೂರು. ಉಳಿದವರಿಗೆ ಅವರು ತೆಗೆದುಕೊಂಡ ಹೊತ್ತಿನ ಪ್ರಮಾಣದಲ್ಲಿ. ಗೆದ್ದವರ ಎರಡು ಪಟ್ಟು ಹೊತ್ತು ಹಿಡಿದರೆ ಐವತ್ತು. ಮೊರಬದ ಪಟ್ಟಿಯನ್ನು ಶಾಲೆಗಳಿಗೆ ಕಳಿಸಿದೆ. ಸಾವಕಾರರ ಮಗಳಿಗೆ ನೂರು. ಮರುದಿನ ಒಬ್ಬ ಹೆಡ್‌ಮಾಸ್ತರರು ನನಗೆ ಪೇಢೆ ಕಳಿಸಿದರು. ತಮ್ಮ ಹುಡುಗ ಅರವತ್ತೊಂದು ತೆಗೆದು ಫಸ್ಟ್ ಕ್ಲಾಸಿನಲ್ಲಿ ಪಾಸಾದನೆಂದು ನೋಟೀಸ್ ಬೋರ್ಡಿಗೂ ಹಾಕಿದ್ದರು.

ನಾನು ಫೋನ್ ಮಾಡಿ, "ಸರ್, ಅವ ಎಲ್ಲಾರಕಿಂತ ಕೊನಿಗೆ ಬಂದಾನ್ರಿ" ಅಂದೆ.

"ಕೊನಿಯವಗ ಅರವತ್ತೊಂದು ಅಂದ್ರ, ಈ ಸಲದ ಬ್ಯಾಚ್ ಎಷ್ಟ ಚಲೋ ಐತಿ ನೋಡ್ರಿ" ಅಂದರು.

ತಂಬೂರದ ಹುಡುಗಿ ಓದುವ ಶಾಲೆಯ ಹೆಡ್‌ಮಾಸ್ತರರು ಮಾತ್ರ ಬಹಳ ದುಃಖದಲ್ಲಿದ್ದರು. ಸೊನ್ನೆ ಯಾಕೆ ಬಂತೆಂದು ನಾನು ಅರ್ಧ ತಾಸು ಬಿಡಿಸಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಪೂರಕ ಪರೀಕ್ಷಾ ಯಾವಾಗ್ರಿ?"

ರಾಹುಕಾಲ

ಎರಡನೇ ಓಟ ಕಲಘಟಗಿ ಹತ್ತಿರದ ಕುರುಚಲು ಕಾಡಿನಲ್ಲಿ, ಶನಿವಾರ. ಒಬ್ಬರ ಹಿಂದೆ ಒಬ್ಬರನ್ನು ಎರಡೆರಡು ನಿಮಿಷಕ್ಕೆ ಬಿಡುತ್ತೇವೆ. ಯಾರು ಮೊದಲು ಅನ್ನುವುದು ಚೀಟಿ ಎತ್ತಿ ತೀರ್ಮಾನ. ಚೀಟಿ ಎತ್ತಿದ್ದೇ ತಡ, ಪಾಲಕರೆಲ್ಲ ಕ್ಯಾಲೆಂಡರ್ ತೆಗೆದರು. ಒಂಬತ್ತರಿಂದ ಹತ್ತೂವರೆ ರಾಹುಕಾಲ. ಅರ್ಧ ಮಕ್ಕಳು ಒಂಬತ್ತರ ಒಳಗೆ, ಉಳಿದರ್ಧ ರಾಹುಕಾಲದಲ್ಲಿ.

"ರಾಹುಕಾಲದಾಗ ಓಡಿದಾವ್ರಿಗೆ ಎಷ್ಟ ಅಂಕಾ ಹೆಚ್ಚ ಹಾಕ್ತೀರಿ?" ಎಂದು ಒಬ್ಬರು ಕೇಳಿದರು.

ತಲೆ ಕೆಟ್ಟು ಹೋಯಿತು. ಒಂಬತ್ತರ ತನಕ ಯಾರನ್ನೂ ಬಿಡದೆ, ಎಲ್ಲರನ್ನೂ ರಾಹುಕಾಲದಲ್ಲೇ ಓಡಿಸುತ್ತೇನೆ ಎಂದು ಘೋಷಿಸಿದೆ. ಗಲಾಟೆ ಆಗುತ್ತದೆ ಎಂದುಕೊಂಡರೆ, ಕೇಳಿದವರೇ ಮುಖ ಅರಳಿಸಿದರು.

"ಎಲ್ಲಾರಿಗೂ ಕೆಟ್ಟದಾಗೂದಿದ್ರ ನಂದೇನೂ ತಕರಾರಿಲ್ರಿ."

ಐದನೇ ಬಾವುಟ

ಆ ರಾಹುಕಾಲದ ಓಟವನ್ನು ತಂಬೂರದ ಹುಡುಗಿ ಗೆದ್ದಳು. ಸಾವಕಾರರ ಮಗಳು ಎರಡನೆಯವಳು. ಅಲ್ಲಿಗೆ ಇಬ್ಬರಿಗೂ ಒಂದೊಂದು ನೂರು. ದೇವಿಕೊಪ್ಪದ ಕೊನೆಯ ಓಟದಲ್ಲಿ ಇವರಿಬ್ಬರಲ್ಲಿ ಯಾರು ಗೆಲ್ಲುತ್ತಾರೋ ಸೀಟು ಅವರಿಗೆ.

ಆ ಕೊನೆಯ ಓಟ ಮುಗಿಸಿ ಒಬ್ಬೊಬ್ಬರೇ ಬರತೊಡಗಿದರು. ನೋಡಿದರೆ ಹೆಚ್ಚುಕಡಿಮೆ ಎಲ್ಲರ ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಬ್ಬರಿ ಚೂರು. ವಿಷಯ ಇಷ್ಟೇ. ಐದನೇ ಬಾವುಟವನ್ನು ನಾವು ಬೇವಿನ ಮರವೊಂದಕ್ಕೆ ಕಟ್ಟಿದ್ದೆವು. ಬುಡದಲ್ಲಿ ಸಣ್ಣ ದೇವರಕಲ್ಲು ಇದ್ದದ್ದನ್ನು ಯಾರೂ ಗಮನಿಸಿರಲಿಲ್ಲ. ಬೆಳಿಗ್ಗೆ ಆ ಊರಿನ ಒಬ್ಬ ಅಜ್ಜಿ ಬಂದು ನೋಡಿ, ಯಾರೋ ಹರಕೆ ಬಟ್ಟೆ ಕಟ್ಟಿದ್ದಾರೆಂದು ತಿಳಿದು, ಕಾಯಿ ಒಡೆದು ಪೂಜೆ ಮಾಡಿ ಅಲ್ಲೇ ಕುಳಿತಿದ್ದಳು. ಬೂಟು ಬಿಚ್ಚಿದ ಮೇಲೆಯೇ ಮರದ ಹತ್ತಿರ ಬಿಡುತ್ತಿದ್ದಳಂತೆ.

ತಂಬೂರದ ಹುಡುಗಿ ಯಾವಾಗಲೂ ಬರಿಗಾಲಲ್ಲಿ ಓಡುವವಳು. ಸಾವಕಾರರ ಮಗಳಿಗಿಂತ ನಲವತ್ತು ಸೆಕೆಂಡು ಕಡಿಮೆ ತೆಗೆದುಕೊಂಡು ಗೆದ್ದಿದ್ದಳು.

ಸಾವಕಾರರು ಎದ್ದು ನಿಂತರು. "ಇದು ನ್ಯಾಯ ಏನ್ರಿ ಸರ್? ಬೂಟಿನ ದಾರಾ ಬಿಚ್ಚಿ ಕಟ್ಟಾಕ ಒಂದೂವರಿ ನಿಮಿಷ ಬೇಕು. ಆಕಿಗೆ ಏನೂ ಹತ್ತಲಿಲ್ಲ. ನನ್ನ ಮಗಳ ಟೈಮಿನಾಗ ಒಂದೂವರಿ ನಿಮಿಷ ಕಳೀರಿ."

ಹಿಂದಿನಿಂದ ಮಗಳು ಅವರ ಅಂಗಿ ಜಗ್ಗಿ "ಅಪ್ಪಾ" ಅಂದಳು.

"ಸುಮ್ನಿರ, ನಾ ಮಾತಾಡಾಕತ್ತೇನಿ."

ಅವರ ಮಾತು ಸರಿಯಾಗಿತ್ತು, ಅದೇ ನನಗೆ ಸಂಕಟ. ಬಾವುಟ ಕಟ್ಟಿದ ನಮ್ಮದೇ ತಪ್ಪು. ಒಂದೂವರೆ ನಿಮಿಷ ಕಳೆದರೆ ತಂಬೂರದ ಹುಡುಗಿಯ ಸೀಟು ಹೋಗುತ್ತದೆ. ಅವಳ ಕಡೆ ನೋಡಿದೆ. "ಖರೇ ಹೊತ್ತು ಹೋಗಿದ್ರ ಕಳೀರಿ ಸರ್" ಅಂದಳು. ಕಣ್ಣು ತುಂಬಿದ್ದವು.

ಕಳೆಯುವುದಾದರೆ ಸಾಕ್ಷಿ ಕೇಳಿಯೇ ಕಳೆಯೋಣ ಎಂದು ಅಜ್ಜಿಯನ್ನು ಕರೆಸಿದೆ. ಅವಳ ಹಿಂದೆ ಅರ್ಧ ಊರೇ ಬಂತು.

"ಅಪ್ಪಾ" ಎಂದು ಮಗಳು ಮತ್ತೆ ಅಂಗಿ ಜಗ್ಗಿದಳು.

"ತಡೀ ಅಂದ್ನೆಲ್ಲ. ಅಜ್ಜಿ, ನನ್ನ ಮಗಳು ಬೂಟು ಬಿಚ್ಚಾಕ ಎಷ್ಟ ಹೊತ್ತಾತು, ಎಲ್ಲಾರ ಮುಂದ ಹೇಳ ಬೇ."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಬೂಟು ಬಿಚ್ಚಿದಾವ್ರಿಗೆಲ್ಲಾ ನಾನ ಹಣಿಗೆ ವಿಭೂತಿ ಹಚ್ಚೇನಿ. ನಿನ್ನ ಮಗಳ ಹಣಿ ನೀನ ನೋಡಪಾ."

ಎಲ್ಲರೂ ನೋಡಿದೆವು. ಹಣೆಯಲ್ಲಿ ಬೆವರು ಬಿಟ್ಟರೆ ಏನೂ ಇರಲಿಲ್ಲ.

"ತಂಗಿ, ನಿಂದರು ಅಂತ ಎಷ್ಟ ಒದರಿದೆ. ಬೂಟು ಹಾಕ್ಕೊಂಡ ಬಂದ್ಲು, ತೂತು ಹೊಡಕೊಂಡ್ಲು, ಓಡಿ ಹ್ವಾದ್ಲು" ಅಂದಳು ಅಜ್ಜಿ.

"ನಾ ಅದನ್ನ ಹೇಳಾಕ ಬಂದಿದ್ದೆ" ಅಂದಳು ಮಗಳು.

ಅರ್ಧ ಊರು ಈಗ ಆ ಬೂಟುಗಳನ್ನೇ ನೋಡುತ್ತಿತ್ತು. ಸಾವಕಾರರು ಬೆವರು ಒರೆಸಿಕೊಂಡು, ತಕರಾರು ವಾಪಸ್ ಅಂದರು. ನಾನು ತಂಬೂರದ ಹುಡುಗಿಯ ಹೆಸರಿನ ಮುಂದೆ ಇನ್ನೂರು ಬರೆದು ಸಹಿ ಹಾಕಿದೆ. ಆ ವರ್ಷ ನಾನು ಬರೆದ ಅಂಕಗಳಲ್ಲಿ ಬರೆಯುವಾಗ ಕೈಗೆ ಖುಷಿಯಾದದ್ದು ಅದೊಂದೇ.

ಮಗಳನ್ನು ಕರೆದುಕೊಂಡು ನಾಲ್ಕು ಹೆಜ್ಜೆ ಹೋದ ಸಾವಕಾರರು ತಿರುಗಿ ಬಂದರು. ಅಜ್ಜಿಗೆ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದರು.

"ಸರ್, ಆ ಒಂದೂವರಿ ನಿಮಿಷ ನಾವು ದೇವರಿಗೆ ಕಾಣಿಕಿ ಬಿಟ್ಟೇವಿ ಅಂತ ಬರ್ಕೋರಿ."